ಅರಿವಿನ ಹೊಣೆ ಯಾರದು?

‘ಲಿಂಗ’ ಎಂಬ ಶಬ್ದವು ವೀರಶೈವರಾದ ನಮಗೆ ಪರಮಪವಿತ್ರವಾದುದು. ಕರಸ್ಥಲದಲ್ಲಿ ಬೆಳಗುವ ಇಷ್ಟಲಿಂಗವನ್ನು ನಾವು ಆ ಹೆಸರಿನಿಂದ ಕರೆಯುತ್ತೇವೆ. ಲೋಕವ್ಯವಹಾರದಲ್ಲಿಯಾದರೋ ಅದೇ ಶಬ್ದವು ಹೆಣ್ಣು ಗಂಡೆಂಬ ಭೇದವನ್ನು ಸೂಚಿಸುವುದಕ್ಕೂ ಬಳಕೆಯಲ್ಲಿದೆ. ಈ ಎರಡು ಅರ್ಥಗಳ ನಡುವೆ ನಮ್ಮ ಧರ್ಮದಲ್ಲಿ ಒಂದು ಗಹನವಾದ ಸಂಬಂಧವುಂಟು. ಹೇಗೆಂದರೆ, ಇಷ್ಟಲಿಂಗವು ಅಂಗದ ಮೇಲೆ ನೆಲೆಗೊಂಡ ಬಳಿಕ ಹೆಣ್ಣು ಗಂಡೆಂಬ ಭೇದವು ಶಿವಪಥಕ್ಕೆ ತಡೆಯಾಗಲಾರದೆಂಬುದು ಶರಣರ ನಿಶ್ಚಯ. ಶರಣಸತಿ ಲಿಂಗಪತಿಯೆಂಬ ಭಾವದಲ್ಲಿ ಗಡ್ಡಮೀಸೆಗಳುಳ್ಳ ಶರಣನೂ ತನ್ನನ್ನು ಸತಿಯೆಂದೇ ತಿಳಿದು ಲಿಂಗದೇವನಿಗೆ ಒಪ್ಪಿಸಿಕೊಳ್ಳುತ್ತಾನೆ. ಹೊರಗಿನ ಗುರುತುಗಳನ್ನು ನೋಡಿ ಲೋಕವು ಒಂದೊಂದು ಹೆಸರನ್ನಿಡುವುದಾದರೂ ಒಳಗಿರುವ ಆತ್ಮವು ಆ ಹೆಸರುಗಳ ಅಂಕೆಗೆ ಒಳಪಡದೆಂಬ ತತ್ತ್ವವನ್ನು ಜೇಡರ ದಾಸಿಮಯ್ಯನವರು ಬಹು ಹಿಂದೆಯೇ ಸಾರಿದ್ದಾರೆ.

ಇಷ್ಟು ಉದಾರವಾದ ತತ್ತ್ವವು ನಮ್ಮದಾಗಿದ್ದರೂ ಈಚಿನ ದಿನಗಳಲ್ಲಿ ಒಂದು ಪ್ರಶ್ನೆಯು ನಮ್ಮ ಮನೆಗಳ ಹೊಸ್ತಿಲಿಗೇ ಬಂದು ನಿಂತಿರುವಾಗ ನಾವು ಉತ್ತರ ಕಾಣದೆ ತಡವರಿಸುತ್ತಿದ್ದೇವೆ. ಗಂಡಿನ ದೇಹದಲ್ಲಿ ಹುಟ್ಟಿ ತನ್ನನ್ನು ಹೆಣ್ಣೆಂದು ಅರಿತವರು, ಅಥವಾ ಹೆಣ್ಣಿನ ದೇಹದಲ್ಲಿ ಹುಟ್ಟಿ ತನ್ನನ್ನು ಗಂಡೆಂದು ಅರಿತವರು, ಹಾರ್ಮೋನು ಔಷಧಗಳಿಂದಲೂ ಶಸ್ತ್ರಚಿಕಿತ್ಸೆಯಿಂದಲೂ ದೇಹವನ್ನು ತಮ್ಮ ಅರಿವಿಗೆ ಹೊಂದಿಸಿಕೊಳ್ಳಬಯಸಿ ವೈದ್ಯರ ಬಾಗಿಲಿಗೆ ಹೋಗುತ್ತಾರೆ. ಆ ಬಾಗಿಲಲ್ಲಿ ವೈದ್ಯನು ಏನನ್ನು ಪರೀಕ್ಷಿಸಬೇಕು, ಏನನ್ನು ಪರೀಕ್ಷಿಸಬಾರದು? ಒಳಗೆ ಬಿಟ್ಟ ಮೇಲೆ ಉಂಟಾಗುವ ಫಲಾಫಲಗಳ ಹೊಣೆ ಯಾರದು? ವೈದ್ಯನದೋ, ತಂದೆತಾಯಿಗಳದೋ, ಸರ್ಕಾರದ್ದೋ, ಆ ವ್ಯಕ್ತಿಯದೋ? ಇದೇ ಪ್ರಕೃತ ಲೇಖನದ ವಿಚಾರ.

ಈ ವಿಷಯವು ನಮ್ಮ ಸೀಮೆಗೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ಹೊಸಪೇಟೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಹುಲಿಗೆಯಲ್ಲಿ ಹುಣ್ಣಿಮೆಯ ದಿನ ನೆರೆಯುವ ಜನರ ನಡುವೆ ಜೋಗಪ್ಪಂದಿರನ್ನೂ ಜೋಗತಿಯರನ್ನೂ ಕಾಣದವರುಂಟೆ? ಗಂಡುಮಗನಾಗಿ ಬೆಳೆದವನಲ್ಲಿ ಹೆಣ್ಣಿನ ನಡೆನುಡಿಗಳು ತೋರಿಬಂದಾಗ, ಅದು ದೇವಿಯ ಕರೆಯೆಂದು ತಿಳಿದು, ಮುತ್ತು ಕಟ್ಟಿಸಿ, ಸೀರೆಯುಡಿಸಿ, ದೇವಿಯ ಹೆಸರಿನಲ್ಲಿ ಬಿಟ್ಟುಬಿಡುವ ಪದ್ಧತಿ ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರನ್ನು ಅವರ ತಂದೆತಾಯಿಗಳು ಕರೆತಂದು ಮುತ್ತು ಕಟ್ಟಿಸಿದ್ದು ಈ ಹುಲಿಗೆಮ್ಮನ ಸನ್ನಿಧಿಯಲ್ಲಿಯೇ. ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಅವಮಾನಗಳನ್ನುಂಡು, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತ ಈ ತಾಯಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು; 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿದೆ. ಆ ಹೆಸರನ್ನು ಕೇಳಿದೊಡನೆ ಶರಣಸಾಹಿತ್ಯವನ್ನೋದಿದವರಿಗೆ ದಾಸಿಮಯ್ಯನವರ ನೆನಪು ಬಾರದಿರದು.

ಜೋಗಪ್ಪಂದಿರ ಈ ಪದ್ಧತಿಯಲ್ಲಿ ಅಂಗಚ್ಛೇದವು ವಿಧಿಯಲ್ಲ. ಆದುದರಿಂದ ವೈದ್ಯನ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಆದರೆ ಹೊಣೆಯ ಪ್ರಶ್ನೆಯು ಅಲ್ಲಿಯೂ ಇದ್ದಿತು, ಮತ್ತು ಅದಕ್ಕೆ ಒಂದು ಸುಲಭವಾದ ಉತ್ತರವೂ ಸಿದ್ಧವಾಗಿದ್ದಿತು. ‘ಇದು ನಮ್ಮ ಕೈಯಲ್ಲಿಲ್ಲ, ಅಮ್ಮನ ಇಚ್ಛೆ’ ಎಂದು ತಂದೆತಾಯಿಗಳು ಹೇಳಿದರು. ‘ಅಮ್ಮ ಕರೆದಳು, ನಾನು ಬಂದೆ’ ಎಂದು ಹೋದವರೂ ಹೇಳಿದರು. ಇದರಿಂದ ಒಂದು ಉಪಕಾರವಾಯಿತೆಂಬುದು ನಿಜ: ದೇವಿಯ ಹೆಸರಿಗೆ ಅಂಜಿದ ಊರವರು ಇವರನ್ನು ಪೂರ್ಣವಾಗಿ ಹೊರದೂಡಲಿಲ್ಲ. ಆದರೆ ‘ಮಗೂ, ನಿನ್ನ ಅರಿವಿಗೆ ಏನು ತೋರುತ್ತದೆ? ನಿನಗೆ ಯಾವ ಬಾಳು ಬೇಕು?’ ಎಂದು ಕೇಳಿದವರು ಯಾರೂ ಇರಲಿಲ್ಲ. ಹೊಣೆಯು ದೇವಿಯ ಪಾಲಾಯಿತು. ಭಿಕ್ಷೆಯ ಪಡಲಿಗೆ ಮಾತ್ರ ಇವರ ತಲೆಗೆ ಬಂತು.

ಇಂದು ಕಾಲವು ಬದಲಾಗಿದೆ. ಹುಲಿಗೆಯ ಬಾಗಿಲಿಗೆ ಬದಲಾಗಿ ಆಸ್ಪತ್ರೆಯ ಬಾಗಿಲು ಬಂದಿದೆ. ಆದರೆ ನಾವು ದೇವಿಯ ಮೇಲೆ ಹೊರಿಸುತ್ತಿದ್ದ ಹೊಣೆಯನ್ನು ಈಗ ವೈದ್ಯನ ಮೇಲೆ ಹೊರಿಸಲು ಹೊರಟಿದ್ದೇವೆಯೇ ಎಂಬುದನ್ನು ಆಲೋಚಿಸಬೇಕಾಗಿದೆ.

ಈ ಚಿಕಿತ್ಸೆಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಅಮೆರಿಕದಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯರ ಹೆಸರಿನಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು 1979ರಲ್ಲಿ ಇದಕ್ಕೆ ಮೊದಲ ನಿಯಮಾವಳಿಯನ್ನು ರೂಪಿಸಿತು. ಚಿಕಿತ್ಸೆಯನ್ನು ಬಯಸಿದವರು ಮನೋವೈದ್ಯರ ಪರೀಕ್ಷೆಗೆ ಒಳಗಾಗಬೇಕು, ತಾವು ಬಯಸಿದ ಲಿಂಗದವರಾಗಿ ಕೆಲಕಾಲ ಸಮಾಜದಲ್ಲಿ ಬಾಳಿ ತೋರಿಸಬೇಕು, ತಜ್ಞರಿಂದ ಪತ್ರಗಳನ್ನು ತರಬೇಕು ಎಂಬುದು ಆ ಕಾಲದ ಕ್ರಮ. ಉದ್ದೇಶವು ಸದುದ್ದೇಶವೇ ಆಗಿತ್ತು. ಮರಳಿ ಸರಿಪಡಿಸಲಾಗದ ಕಾರ್ಯವನ್ನು ಅವಸರದಿಂದ ಮಾಡಬಾರದೆಂಬುದೇ ಅದರ ಹುರುಳು. ಆದರೆ ಫಲವು ಬೇರೆಯಾಯಿತು. ವೈದ್ಯರು ಯಾವ ಕಥೆಯನ್ನು ಕೇಳಬಯಸುತ್ತಾರೆಂಬುದನ್ನು ರೋಗಿಗಳು ಬೇಗನೆ ಅರಿತರು. ಬಾಲ್ಯದಲ್ಲಿ ಹೀಗಿತ್ತು, ಯೌವನದಲ್ಲಿ ಹೀಗಾಯಿತು, ಮನಸ್ಸಿನಲ್ಲಿ ಎಳ್ಳಷ್ಟೂ ಸಂದೇಹವಿಲ್ಲ ಎಂಬ ಒಂದೇ ಅಚ್ಚಿನ ಉತ್ತರಗಳನ್ನು ಒಬ್ಬರಿಂದೊಬ್ಬರು ಕಲಿತು ಒಪ್ಪಿಸಿದರು. ಸಂದೇಹವಿದ್ದವರು ಅದನ್ನು ಬಚ್ಚಿಟ್ಟರು, ಏಕೆಂದರೆ ಸಂದೇಹವನ್ನು ಹೇಳಿದರೆ ಬಾಗಿಲು ಮುಚ್ಚುತ್ತಿತ್ತು. ಯಾರಿಗೆ ಸಮಾಲೋಚನೆಯು ಹೆಚ್ಚಾಗಿ ಬೇಕಾಗಿತ್ತೋ ಅವರೇ ಬಾಯಿ ಮುಚ್ಚಿಕೊಂಡರು. ನುಡಿ ಬೇರೆ ನಡೆ ಬೇರೆಯಾದ ಬಾಳನ್ನು ಶರಣರು ಎಷ್ಟು ಕಠಿನವಾಗಿ ಖಂಡಿಸಿದ್ದಾರೆಂಬುದನ್ನು ವಾಚಕರು ಬಲ್ಲರು. ಸುಳ್ಳನ್ನು ಕಲಿಸುವ ಪರೀಕ್ಷೆಯು ಸತ್ಯವನ್ನು ಕಾಯಲಾರದು.

ಕಾಲಕ್ರಮದಲ್ಲಿ ವೈದ್ಯಲೋಕವೇ ತನ್ನ ನಿಲುವನ್ನು ತಿದ್ದಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಾಗ, ಈ ಸ್ಥಿತಿಯನ್ನು ಮಾನಸಿಕ ರೋಗಗಳ ಪಟ್ಟಿಯಿಂದ ತೆಗೆದು ಬೇರೆ ಅಧ್ಯಾಯದಲ್ಲಿಟ್ಟಿತು. ಮೇಲೆ ಹೇಳಿದ ನಿಯಮಾವಳಿಯ 8ನೆಯ ಆವೃತ್ತಿಯು 2022ರಲ್ಲಿ ಹೊರಬಂದಿತು. ಹಿಂದಿನ ಆವೃತ್ತಿಯು ಜನನಾಂಗದ ಶಸ್ತ್ರಚಿಕಿತ್ಸೆಗೆ ಇಬ್ಬರು ತಜ್ಞರ ಪತ್ರಗಳನ್ನು ಕೇಳುತ್ತಿದ್ದರೆ, ಇದು ವಯಸ್ಕರಿಗೆ ಒಬ್ಬ ಅರ್ಹ ತಜ್ಞನ ಪತ್ರವು ಸಾಕೆಂದಿತು. ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ‘ನಾಲ್ಸಾ’ ಮೊಕದ್ದಮೆಯ ತೀರ್ಪಿನಲ್ಲಿ, ಒಬ್ಬನು ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕುಳ್ಳವನೆಂದೂ, ಆ ಗುರುತಿಗಾಗಿ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಅನೈತಿಕವೂ ಕಾನೂನುಬಾಹಿರವೂ ಎಂದೂ ಸಾರಿತು. 2019ರಲ್ಲಿ ಸಂಸತ್ತು ಕಾಯಿದೆಯನ್ನು ಮಾಡಿ, ಗುರುತಿನ ಪ್ರಮಾಣಪತ್ರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡಬೇಕೆಂದೂ, ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಸಮಾಲೋಚನೆ ದೊರೆಯಬೇಕೆಂದೂ ವಿಧಿಸಿತು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಆಯುಷ್ಮಾನ್ ಭಾರತ ಯೋಜನೆಯಡಿ ಇವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವಿಮೆಯನ್ನೂ, ಅದರಲ್ಲಿ ಈ ಚಿಕಿತ್ಸೆಯನ್ನೂ ಸೇರಿಸಲು ಒಪ್ಪಂದ ಮಾಡಿಕೊಂಡಿತು. ಕಾಯಿದೆಗಳು ಆಗುತ್ತವೆ, ತಿದ್ದುಪಡಿಗೊಳ್ಳುತ್ತವೆ. ಧರ್ಮವಿಚಾರ ಮಾಡುವವರಿಗೆ ಅದರಾಚೆಯೂ ಒಂದು ಪ್ರಶ್ನೆಯು ಉಳಿಯುತ್ತದೆ.

ಕಂಪ್ಲಿಯ ಕಡೆಯ ಬತ್ತದ ಗದ್ದೆಗಳ ನಡುವೆ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಇದು ಯಾರ ಮನೆಯ ಕಥೆಯೂ ಅಲ್ಲ, ಎಲ್ಲಿ ಬೇಕಾದರೂ ನಡೆಯಬಹುದಾದುದು. ಪದವಿ ಮುಗಿಸಿ ಬಂದ 23 ವರ್ಷದ ಮಗನು ಒಂದು ಸಂಜೆ ತಂದೆಯ ಮುಂದೆ ಕುಳಿತು, ‘ಅಪ್ಪಾ, ನಾನು ನಿನ್ನ ಮಗನಲ್ಲ, ಮಗಳು’ ಎನ್ನುತ್ತಾನೆ. ತಂದೆಯ ಬಾಯಿಂದ ಮಾತು ಹೊರಡುವುದಿಲ್ಲ. ತಾಯಿಯು ಇದು ಯಾರದೋ ದೃಷ್ಟಿಯೆಂದು ಹರಕೆ ಹೊರುತ್ತಾಳೆ. ಮಗುವು ಪಟ್ಟಣದ ಆಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯನು, ‘ತಂದೆಯ ರುಜು ತೆಗೆದುಕೊಂಡು ಬಾ, ಮೊದಲು ಮದುವೆಯಾಗಿ ನೋಡು, ಆರು ತಿಂಗಳು ಬಿಟ್ಟು ಬಾ’ ಎನ್ನುತ್ತಾನೆ. ವಯಸ್ಸಿಗೆ ಬಂದವನ ದೇಹದ ವಿಷಯಕ್ಕೆ ತಂದೆಯ ರುಜುವನ್ನು ಕೇಳುವುದು ಎಂಥ ವೈದ್ಯಶಾಸ್ತ್ರ? ಮದುವೆಯಾಗಿ ನೋಡೆಂದರೆ ಆ ಇನ್ನೊಬ್ಬ ಹೆಣ್ಣುಮಗಳ ಬಾಳಿನ ಗತಿಯೇನು?

ಇಲ್ಲಿಂದ ಮುಂದೆ ಆಗುವುದನ್ನು ನೋಡಿರಿ. ಬಾಗಿಲು ಮುಚ್ಚಿದ ಮಾತ್ರಕ್ಕೆ ಬಯಕೆಯು ಮುಚ್ಚಿಹೋಗುವುದಿಲ್ಲ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಗರ್ಭನಿರೋಧಕ ಗುಳಿಗೆಗಳನ್ನು ಕೊಂಡು ತನ್ನಷ್ಟಕ್ಕೆ ನುಂಗುವವರುಂಟು. ಆ ಗುಳಿಗೆಗಳಲ್ಲಿರುವ ಹಾರ್ಮೋನಿನಿಂದ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಅಪಾಯವಿದೆ; ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಇನ್ನು ಕೆಲವರು, ಶಿಕ್ಷಣವಿಲ್ಲದ ಕೈಗಳಿಗೆ ದೇಹವನ್ನೊಪ್ಪಿಸಿ ‘ನಿರ್ವಾಣ’ವೆಂದು ಕರೆಯಲ್ಪಡುವ ಅಂಗಚ್ಛೇದಕ್ಕೆ ಒಳಗಾಗಿ, ರಕ್ತಸ್ರಾವದಿಂದಲೂ ನಂಜಿನಿಂದಲೂ ಬಳಲಿದ್ದಾರೆ. ಲೇಖಕಿ ಎ. ರೇವತಿಯವರು ತಮ್ಮ ಶಸ್ತ್ರಚಿಕಿತ್ಸೆಯ ಅನುಭವವನ್ನು ಮರೆಮಾಚದೆ ಬರೆದಿದ್ದಾರೆ. ಅವರ ಆತ್ಮಕಥೆಯು ಕನ್ನಡದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಬಂದಿದೆ. ಯೋಗ್ಯನಾದ ವೈದ್ಯನು ತನ್ನ ಹೆಸರು ಕೆಡಬಾರದೆಂದು ಬಾಗಿಲು ಹಾಕಿದಾಗ ಅಯೋಗ್ಯನ ಹಿತ್ತಿಲ ಬಾಗಿಲು ತೆರೆಯುತ್ತದೆ. ‘ನಾನೇನೂ ಮಾಡಲಿಲ್ಲ, ಆದುದರಿಂದ ನನಗೆ ಪಾಪವಿಲ್ಲ’ ಎಂಬ ವೈದ್ಯನ ಸಮಾಧಾನವು ಪೂರ್ಣವಾದ ಸತ್ಯವಲ್ಲ.

ಹಾಗಾದರೆ ಕೇಳಿದವರಿಗೆಲ್ಲ ಕೇಳಿದುದನ್ನು ಕೇಳಿದೊಡನೆ ಕೊಟ್ಟುಬಿಡುವುದು ಸರಿಯೇ? ಅದೂ ಅಲ್ಲ. 2021ರ ಜುಲೈಯಲ್ಲಿ ಕೇರಳದಲ್ಲಿ ಒಬ್ಬರು ತಮಗಾದ ಇಂಥ ಶಸ್ತ್ರಚಿಕಿತ್ಸೆಯು ಕೆಟ್ಟು ತೀರದ ಯಾತನೆಯಾಗಿದೆಯೆಂದು ಬಹಿರಂಗವಾಗಿ ದೂರಿ, ಅನಂತರ ಮೃತರಾದರು. ಹಣವನ್ನು ಪಡೆದು ಕೊಯ್ದು ಕಳುಹಿಸುವ ವೈದ್ಯನು ಬಾಗಿಲು ಹಾಕುವ ವೈದ್ಯನಿಗಿಂತ ಮೇಲಲ್ಲ. ಒಬ್ಬನು ಕಾವಲಿನ ಹೆಸರಿನಲ್ಲಿ ಅಧಿಕಾರ ನಡೆಸುತ್ತಾನೆ. ಇನ್ನೊಬ್ಬನು ಸ್ವಾತಂತ್ರ್ಯದ ಹೆಸರಿನಲ್ಲಿ ವ್ಯಾಪಾರ ನಡೆಸುತ್ತಾನೆ. ಇಬ್ಬರಲ್ಲಿಯೂ ಕಾಯಕವಿಲ್ಲ.

ಈ ಗೊಂದಲವನ್ನು ಬಿಡಿಸಿಕೊಳ್ಳಲು ನಮ್ಮ ಸೀಮೆಯ ಎರಡು ಬಾಗಿಲುಗಳನ್ನು ದೃಷ್ಟಾಂತವಾಗಿ ನೋಡೋಣ. ಒಂದು ಸಂಡೂರಿನ ಕುಮಾರಸ್ವಾಮಿಯ ಗುಡಿಯ ಬಾಗಿಲು. ತಲೆತಲಾಂತರದಿಂದ ದಲಿತರಿಗೆ ಮುಚ್ಚಿದ್ದ ಆ ಬಾಗಿಲನ್ನು 1930ರ ದಶಕದ ಮೊದಲಲ್ಲಿ ಅಲ್ಲಿನ ಘೋರ್ಪಡೆ ಅರಸರು ತೆರೆಯಿಸಿದರು. ಆ ಬಾಗಿಲಲ್ಲಿ ನಿಂತು ‘ನೀನು ನಿಜವಾಗಿ ಭಕ್ತನೋ ಅಲ್ಲವೋ, ಸಾಕ್ಷಿ ತಾ’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಮತ್ತೊಂದು ಹೊಸಪೇಟೆಯ ತುಂಗಭದ್ರಾ ಜಲಾಶಯದ ಬಾಗಿಲು. 33 ಕ್ರೆಸ್ಟ್ ಗೇಟುಗಳುಳ್ಳ ಆ ಅಣೆಕಟ್ಟಿನ 19ನೆಯ ಗೇಟು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದುದನ್ನೂ, ಸುಮಾರು ಒಂದು ವಾರದ ಸಾಹಸದ ಬಳಿಕ ಅದರ ಸ್ಥಾನದಲ್ಲಿ ತಡೆಯ ಹಲಗೆಗಳನ್ನು ಇಳಿಸಿದುದನ್ನೂ ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಆ ಬಾಗಿಲಿಗೆ ಕಾವಲು ಬೇಕು. ಆದರೆ ಅಲ್ಲಿನ ಕಾವಲುಗಾರನ ಕೆಲಸವೇನು? ‘ಈ ನೀರು ನೀರು ಹೌದೋ ಅಲ್ಲವೋ’ ಎಂದು ತೀರ್ಮಾನಿಸುವುದಲ್ಲ. ನೀರಿನ ಮಟ್ಟವನ್ನು ಅಳೆದು, ಕೆಳಗಿನವರಿಗೆ ಮುನ್ಸೂಚನೆ ಕೊಟ್ಟು, ಸರಪಳಿಯ ಬಲವನ್ನು ನೋಡಿ, ಹದವರಿತು ತೆರೆಯುವುದು ಅವನ ಕೆಲಸ. ಎಂದೂ ತೆರೆಯದ ಗೇಟು ಅಣೆಕಟ್ಟಿಗೇ ಅಪಾಯ. ಮುರಿದ ಗೇಟು ಗದ್ದೆಗಳಿಗೆ ಅಪಾಯ.

‘ನೀನು ಯಾರು’ ಎಂಬುದರ ಮನ್ನಣೆಯು ಗುಡಿಯ ಬಾಗಿಲಿನಂಥದು. ‘ನಿನ್ನ ದೇಹಕ್ಕೆ ಈ ಔಷಧವು ತಾಳುವುದೇ’ ಎಂಬುದರ ವಿಚಾರಣೆಯು ಅಣೆಕಟ್ಟಿನ ಬಾಗಿಲಿನಂಥದು. ಈ ಎರಡನ್ನೂ ಒಂದೇ ಬಾಗಿಲೆಂದು ತಿಳಿದು, ಅಣೆಕಟ್ಟಿನ ಕಾವಲುಗಾರನನ್ನು ಗುಡಿಯ ಬಾಗಿಲಿಗೂ ನಿಲ್ಲಿಸಿದುದೇ ಇಷ್ಟು ದಿನದ ತಪ್ಪು. ವೈದ್ಯನು ರಕ್ತವನ್ನು ಪರೀಕ್ಷಿಸಬಲ್ಲನು, ಹೃದಯವನ್ನು ಪರೀಕ್ಷಿಸಬಲ್ಲನು. ಆತ್ಮದ ಹೆಸರನ್ನು ಪರೀಕ್ಷಿಸಲಾರನು.

ಪರೀಕ್ಷೆಯೆಂಬುದು ನಮ್ಮ ಪರಂಪರೆಗೆ ಅಪರಿಚಿತವಾದುದಲ್ಲ. ಮಹಾದೇವಿಯಕ್ಕನು ಕಲ್ಯಾಣಕ್ಕೆ ಬಂದಾಗ ಅನುಭವಮಂಟಪದಲ್ಲಿ ಅಲ್ಲಮಪ್ರಭುದೇವರು ಆಕೆಯನ್ನು ತಡೆದು ಪ್ರಶ್ನಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಪ್ರೌಢದೇವರಾಯನ (1424–1446) ಕಾಲದಲ್ಲಿ ಹಂಪೆಯ ವಿಜಯನಗರದಲ್ಲಿ ವಚನಗಳ ಸಂಗ್ರಹಕಾರ್ಯವು ಹುರುಪಿನಿಂದ ನಡೆದುದನ್ನೂ, ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದುದನ್ನೂ ನೆನೆದರೆ, ಪ್ರಭುದೇವರ ಚರಿತ್ರೆಯು ನಮ್ಮ ಸೀಮೆಯ ಬಂಡೆಗಳಿಗೂ ಪರಿಚಿತವೆನ್ನಬಹುದು. ಆ ಪ್ರಸಂಗದ ಸ್ವರೂಪವನ್ನು ಗಮನಿಸಿರಿ. ಪ್ರಭುದೇವರ ಪ್ರಶ್ನೆಗಳು ಮೃದುವಾದವುಗಳಲ್ಲ. ಪತಿಯಾರೆಂದು ಕೇಳುತ್ತಾರೆ, ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡುವುದೇಕೆಂದು ಕೇಳುತ್ತಾರೆ. ಆದರೆ ಅವರು ಆಕೆಯ ಗಂಡನಿಂದ ಪತ್ರವನ್ನು ಕೇಳಲಿಲ್ಲ, ತಂದೆಯ ರುಜುವನ್ನು ಕೇಳಲಿಲ್ಲ, ಹೋಗಿ ಬರುವ ವರುಷ ಬಾ ಎನ್ನಲಿಲ್ಲ. ಆಕೆಯ ಉತ್ತರವೇ ಪ್ರಮಾಣವಾಯಿತು. ಪರೀಕ್ಷೆಯಿಂದ ಆಕೆ ಶರಣೆಯಾದಳೆಂದಲ್ಲ, ಶರಣೆಯಾಗಿದ್ದುದು ಸಭೆಗೆ ಕಾಣಿಸಿತು. ಪ್ರಶ್ನಿಸಿದವರೇ ಕೊನೆಯಲ್ಲಿ ಆಕೆಯ ನಿಲವಿಗೆ ತಲೆಬಾಗಿ ಕದಳಿಯ ದಾರಿಯನ್ನು ತೋರಿದರು.

ಒಳ್ಳೆಯ ವೈದ್ಯನ ಪ್ರಶ್ನೆಗಳೂ ಹೀಗಿರಬೇಕು: ತಡೆಯುವುದಕ್ಕಾಗಿ ಅಲ್ಲ, ಅರಿವನ್ನು ಬೆಳಗಿಸುವುದಕ್ಕಾಗಿ. ‘ಈ ಔಷಧದಿಂದ ಸಂತಾನಶಕ್ತಿಯು ಕುಂದಬಹುದು, ಅಂಗವನ್ನು ತೆಗೆದ ಮೇಲೆ ಅದು ಸಂಪೂರ್ಣವಾಗಿ ಹೋಗುತ್ತದೆ, ಇದನ್ನು ಆಲೋಚಿಸಿದ್ದೀಯಾ? ಬೇಕಾದರೆ ಮೊದಲೇ ಬೀಜವನ್ನು ಶೈತ್ಯದಲ್ಲಿ ಕಾಪಿಡಬಹುದು, ಅದು ನಿನಗೆ ತಿಳಿದಿದೆಯೇ? ಟೆಸ್ಟೋಸ್ಟಿರಾನಿನಿಂದ ಒಡೆದ ದನಿಯು ಔಷಧವನ್ನು ನಿಲ್ಲಿಸಿದರೂ ಮರಳಿ ತೆಳುವಾಗದು. ಈಸ್ಟ್ರೋಜೆನಿನಿಂದ ಬೆಳೆದ ಎದೆಯು ತಾನಾಗಿ ಇಳಿಯದು. ಗ್ರಂಥಿಗಳನ್ನು ತೆಗೆದ ಮೇಲೆ ಎಲುಬುಗಳು ಟೊಳ್ಳಾಗದಂತೆ ಬಾಳಿನುದ್ದಕ್ಕೂ ಔಷಧವನ್ನು ತೆಗೆದುಕೊಳ್ಳಬೇಕಾಗಬಹುದು. ಮನಸ್ಸಿನಲ್ಲಿ ಬೇರೆ ದುಃಖವೇನಾದರೂ ಇದ್ದರೆ ಅದಕ್ಕೂ ಚಿಕಿತ್ಸೆಯಿದೆ. ಆ ದುಃಖವನ್ನು ಹೇಳಿದೆಯೆಂಬ ಕಾರಣಕ್ಕೆ ನಾನು ಬಾಗಿಲು ಮುಚ್ಚುವುದಿಲ್ಲ.’ ಇಂಥ ಮಾತುಗಳನ್ನು ತಾಳ್ಮೆಯಿಂದ, ಕೇಳುವವರ ನುಡಿಯಲ್ಲಿ, ಒಂದಕ್ಕೆ ಎರಡು ಸಲ ಹೇಳುವುದೇ ವೈದ್ಯನ ಹೊಣೆ. ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನು ಇದೇ ವೃತ್ತಿಯನ್ನು ಕಾಯಕವಾಗಿ ಕೈಕೊಂಡಿದ್ದನು. ಭೃತ್ಯಾಚಾರವು ವೈದ್ಯನಿಗೂ ಸಲ್ಲುವ ಆಚಾರ. ಅವನು ರೋಗಿಯ ಒಡೆಯನಲ್ಲ, ಸೇವಕ. ಆದರೆ ಕಣ್ಣುಳ್ಳ ಸೇವಕ.

ಇನ್ನು ಇನ್ನೊಂದು ಪಕ್ಷವನ್ನು ವಿಚಾರಿಸೋಣ. ವೈದ್ಯನು ತಿಳಿಸಬೇಕಾದುದನ್ನು ತಿಳಿಸಿ, ನಿಪುಣತೆಯಿಂದ ಮಾಡಬೇಕಾದುದನ್ನು ಮಾಡಿದ ಮೇಲೆ, ಫಲದ ಹೊಣೆಯು ಅದನ್ನು ಬಯಸಿದವರದೇ. ಇದು ಕಠೋರವಾದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಇದರಲ್ಲಿಯೇ ಅವರ ಗೌರವವಡಗಿದೆ. ಅರಿವೇ ಗುರುವೆಂದು ನಾವು ಹೇಳುತ್ತೇವೆ. ಅರಿವನ್ನು ಗುರುವೆಂದೊಪ್ಪಿ ನಡೆದವನು, ದಾರಿಯಲ್ಲಿ ಕಲ್ಲು ಎಡವಿದಾಗ ‘ನನ್ನನ್ನೇಕೆ ತಡೆಯಲಿಲ್ಲ’ ಎಂದು ದಾರಿ ತೋರಿದವನ ಮೇಲೆ ಹರಿಹಾಯುವುದು ಸಲ್ಲದು. ‘ನನ್ನ ಅರಿವೇ ಪ್ರಮಾಣ, ಯಾರೂ ನನ್ನನ್ನು ಪರೀಕ್ಷಿಸಕೂಡದು’ ಎನ್ನುವವನು, ‘ನನ್ನ ಅರಿವು ತಪ್ಪಿದರೆ ಅದೂ ನನ್ನದೇ’ ಎನ್ನಲು ಸಿದ್ಧನಿರಬೇಕು. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳಲ್ಲ, ಒಂದೇ ಮುಖ. ಇಂಥ ಚಿಕಿತ್ಸೆಯನ್ನು ಪಡೆದು ಪಶ್ಚಾತ್ತಾಪ ಪಟ್ಟವರು ಕೆಲವರೇ ಎಂದು ಈವರೆಗಿನ ಅಧ್ಯಯನಗಳು ಹೇಳುತ್ತವೆ. ಕೆಲವರೇ ಆದರೂ ಅವರು ಇದ್ದಾರೆ. ಅವರನ್ನು ಹೀನೈಸದೆ, ಅವರ ಕಣ್ಣೀರನ್ನು ಇತರರ ಬಾಗಿಲಿಗೆ ಬೀಗವಾಗಿಯೂ ಬಳಸದೆ, ಅವರಿಗೂ ಚಿಕಿತ್ಸೆಯನ್ನೂ ಆಶ್ರಯವನ್ನೂ ಕೊಡುವುದು ಧರ್ಮ. ವೈದ್ಯನು ಮರೆಮಾಚಿದುದಕ್ಕೂ, ಅಜಾಗರೂಕತೆಯಿಂದ ಕೆಡಿಸಿದುದಕ್ಕೂ ಹೊಣೆ ವೈದ್ಯನದೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಮ್ಮತಿಯ ಕಾಗದದ ಮೇಲಣ ರುಜುವು ಅವನ ತಪ್ಪನ್ನು ತೊಳೆಯುವ ತೀರ್ಥವಲ್ಲ.

ಈ ಮಾತೆಲ್ಲ ವಯಸ್ಸಿಗೆ ಬಂದವರ ವಿಷಯವಾಯಿತು. ಮಕ್ಕಳ ವಿಷಯದಲ್ಲಿ ಹೊಣೆಯನ್ನು ಹೊರಬಲ್ಲ ಹೆಗಲು ಇನ್ನೂ ಬಲಿತಿರುವುದಿಲ್ಲವಾದುದರಿಂದ ಹೆಚ್ಚಿನ ಎಚ್ಚರವು ಬೇಕು. ಇಂಗ್ಲೆಂಡಿನಲ್ಲಿ ವೈದ್ಯೆ ಹಿಲರಿ ಕ್ಯಾಸ್ ಅವರು 2024ರ ಏಪ್ರಿಲಿನಲ್ಲಿ ಒಪ್ಪಿಸಿದ ವರದಿಯು, ಕಿರಿಯರಿಗೆ ಕೊಡುವ ಇಂಥ ಔಷಧಗಳ ಬಗ್ಗೆ ದೊರೆತಿರುವ ಆಧಾರಗಳು ದುರ್ಬಲವೆಂದು ಹೇಳಿತು. ಅದನ್ನು ಒಪ್ಪದ ವೈದ್ಯಸಂಘಗಳೂ ಅಮೆರಿಕದಲ್ಲಿವೆ. ಪಂಡಿತರೇ ಚರ್ಚಿಸುತ್ತಿರುವಲ್ಲಿ ನಾವು ಅವಸರದ ತೀರ್ಪನ್ನು ಕೊಡಲಾಗದು. ಆದರೆ ಒಂದು ವಿಪರ್ಯಾಸವನ್ನು ಮಾತ್ರ ಹೇಳದಿರಲಾಗದು. ಹೆಣ್ಣೋ ಗಂಡೋ ಎಂದು ಸ್ಪಷ್ಟವಾಗದ ಅಂಗಗಳೊಡನೆ ಹುಟ್ಟಿದ ಹಸುಳೆಗಳನ್ನು, ಅವುಗಳಿಗೆ ಮಾತು ಬರುವ ಮುನ್ನವೇ ಕೊಯ್ದು ಒಂದು ಪಕ್ಷಕ್ಕೆ ಸೇರಿಸುವ ಕ್ರಮವು ಬಹುಕಾಲ ನಡೆಯಿತು. 2019ರಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ಅದನ್ನು ತಡೆಯಬೇಕೆಂದು ಹೇಳಿತು. ತಮಿಳುನಾಡು ಸರ್ಕಾರವು ಅದೇ ವರ್ಷ, ಪ್ರಾಣಾಪಾಯದ ಸಂದರ್ಭವನ್ನುಳಿದು, ಅದನ್ನು ನಿಷೇಧಿಸಿತು. ಬಾಯಿಬಿಟ್ಟು ಬೇಡುವ ವಯಸ್ಕನನ್ನು ಹತ್ತು ಬಾಗಿಲುಗಳಲ್ಲಿ ನಿಲ್ಲಿಸಿದ ಶಾಸ್ತ್ರವು, ಬಾಯಿ ಬಾರದ ಹಸುಳೆಯನ್ನು ಒಂದು ಮಾತೂ ಕೇಳದೆ ಕೊಯ್ಯಿತು. ಕಾವಲು ನಿಜವಾಗಿ ಕಾಯುತ್ತಿದ್ದುದು ಆ ವ್ಯಕ್ತಿಯನ್ನೋ, ಹೆಣ್ಣು ಗಂಡೆಂಬ ಎರಡು ಕಂಬಗಳ ನಮ್ಮ ಸಮಾಧಾನವನ್ನೋ?

ಕೆಲವು ಹಿರಿಯರು ಆಕ್ಷೇಪಿಸಬಹುದು: ‘ದೇಹವು ದೇವಾಲಯವೆಂದು ಅಣ್ಣ ಬಸವಣ್ಣನವರು ಬೋಧಿಸಲಿಲ್ಲವೇ? ಶಿವನು ಕೊಟ್ಟ ದೇಹವನ್ನು ಕೊಯ್ಯಿಸಿಕೊಳ್ಳುವುದು ಶಿವದ್ರೋಹವಲ್ಲವೇ?’ ಈ ಆಕ್ಷೇಪದಲ್ಲಿ ಭಕ್ತಿಯಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ದೇಹವು ದೇವಾಲಯವಾದುದರಿಂದಲೇ ಅದನ್ನು ಗುಳಿಗೆಯಂಗಡಿಯ ಊಹೆಗೂ ಅಡ್ಡಕಸಬಿಯ ಕತ್ತಿಗೂ ಒಪ್ಪಿಸಬಾರದು. ಆದರೆ ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದರು. ಕಲ್ಲಿನ ಗುಡಿಯು ಕಟ್ಟಿದಂತೆಯೇ ನಿಲ್ಲುತ್ತದೆ. ನಡೆದಾಡುವ ದೇಗುಲವು ಒಳಗಿನ ದೇವರ ಚೇತನಕ್ಕೆ ತಕ್ಕಂತೆ ನಡೆಯುತ್ತದೆ. ಕಣ್ಣಿನ ಪೊರೆಯನ್ನು ತೆಗೆಯಿಸಿಕೊಳ್ಳುವುದನ್ನೂ ಸೀಳುತುಟಿಯನ್ನು ಹೊಲಿಯಿಸಿಕೊಳ್ಳುವುದನ್ನೂ ನಾವು ಶಿವದ್ರೋಹವೆನ್ನುವುದಿಲ್ಲ. ಬಾಳಲಾರದೆ ಬೇಯುತ್ತಿರುವ ಜೀವವೊಂದು ಬಾಳುವಂತಾಗುವುದಾದರೆ, ಆ ಚಿಕಿತ್ಸೆಯು ದೇವಾಲಯವನ್ನು ಕೆಡವಿದಂತಾಗದೆ ಜೀರ್ಣೋದ್ಧಾರ ಮಾಡಿದಂತಾಗುತ್ತದೆ. ಎಲ್ಲರಿಗೂ ಅದು ಬೇಕೆಂದೇನೂ ಅಲ್ಲ. ಔಷಧವನ್ನಾಗಲಿ ಕತ್ತಿಯನ್ನಾಗಲಿ ಮುಟ್ಟದೆಯೇ ತಮ್ಮ ಅರಿವಿನಂತೆ ಬಾಳಿದ ಜೋಗತಿಯರು ನಮ್ಮ ಕಣ್ಣೆದುರಿಗೇ ಇದ್ದಾರೆ. ಬೇಕೋ ಬೇಡವೋ ಎಂಬುದನ್ನು ಅರಿಯಬೇಕಾದವರು ಅವರೇ.

ಕೊನೆಯದಾಗಿ ನಮ್ಮ ನಿಮ್ಮ ಹೊಣೆಯ ಮಾತು. 2011ರ ಜನಗಣತಿಯು ನಮ್ಮ ದೇಶದಲ್ಲಿ 4,87,803 ಜನರನ್ನು ಹೆಣ್ಣು ಗಂಡುಗಳೆರಡಕ್ಕೂ ಸೇರದ ಅಂಕಣದಲ್ಲಿ ಎಣಿಸಿತು. ಕರ್ನಾಟಕ ಸರ್ಕಾರವು 2021ರಲ್ಲಿ ರಾಜ್ಯದ ಸೇವೆಗಳಲ್ಲಿ ಇವರಿಗೆ ಶೇಕಡಾ 1ರ ಮೀಸಲಾತಿಯನ್ನು ಕೊಟ್ಟು ದೇಶದಲ್ಲಿಯೇ ಮೊದಲ ರಾಜ್ಯವೆನಿಸಿತು. ಸರ್ಕಾರವು ಕೆಲಸವನ್ನು ಕೊಡಬಹುದು. ಮನೆಯನ್ನು ಕೊಡಬೇಕಾದವರು ನಾವು. ಬಸವಾದಿ ಪ್ರಮಥರ ಹೆಸರು ಹೇಳುವ ಮನೆಯಲ್ಲಿ ಇಂಥ ಮಗುವು ಬಾಯಿಬಿಟ್ಟಾಗ ಅದನ್ನು ಹೊರಗೆ ಹಾಕುವುದಾಗಲಿ, ಹೊಡೆದು ಮದುವೆ ಮಾಡುವುದಾಗಲಿ, ‘ನಿನ್ನ ಹಣೆಬರಹ, ಏನಾದರೂ ಮಾಡಿಕೋ’ ಎಂದು ಕೈ ತೊಳೆದುಕೊಳ್ಳುವುದಾಗಲಿ ಆಚಾರವಲ್ಲ. ಹೊಣೆ ಅವರದೆಂದ ಮಾತ್ರಕ್ಕೆ ಅವರು ಒಂಟಿಯಾಗಬೇಕೆಂದಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತುಕೊಳ್ಳುವ ತಾಯಿ, ವೈದ್ಯನ ಮಾತನ್ನು ಕೂಡಿ ಕೇಳಿ ‘ಇನ್ನೊಮ್ಮೆ ಯೋಚಿಸು, ನೀನು ಏನು ನಿಶ್ಚಯಿಸಿದರೂ ಈ ಮನೆಯ ಬಾಗಿಲು ತೆರೆದಿರುತ್ತದೆ’ ಎನ್ನುವ ತಂದೆ, ಇವರಿದ್ದರೆ ಮಗುವಿನ ಅರಿವು ಭಯದಿಂದ ಕಲಕದೆ ತಿಳಿಯಾಗಿ ನಿಲ್ಲುತ್ತದೆ. ಕಲಕಿದ ನೀರಿನಲ್ಲಿ ಮುಖ ಕಾಣಿಸುವುದಿಲ್ಲ.

ಹಿಂದೆ ಹೊಣೆಯನ್ನು ದೇವಿಯ ಮೇಲೆ ಹಾಕಿದೆವು. ಇಂದು ವೈದ್ಯನ ಮೇಲೆ ಹಾಕುತ್ತಿದ್ದೇವೆ. ಶರಣಧರ್ಮವು ಹೊಣೆಯನ್ನು ಅರಿವಿನ ಮೇಲಿಟ್ಟಿದೆ. ವೈದ್ಯನು ತಿಳಿಸಲಿ, ಬಂಧುಗಳು ಜೊತೆಗಿರಲಿ, ನಿಶ್ಚಯಿಸುವವನು ನಿಶ್ಚಯಿಸಿ ಅದರ ಭಾರವನ್ನು ತಾನೇ ಹೊರಲಿ. ಹಂಪೆಯ ವಿರೂಪಾಕ್ಷನು, ವಿರೂಪವೆಂದು ಲೋಕವು ಕರೆದುದರಲ್ಲಿಯೂ ಸ್ವರೂಪವನ್ನು ಕಾಣುವ ಕಣ್ಣನ್ನು ನಮಗೆ ಅನುಗ್ರಹಿಸಲಿ.